ಮಾಜಿ ಸೈನಿಕರ ವಸತಿಕಾರ್ಯ: ಹ್ಯೂಸ್ಟನ್ ನಗರದ ಒಂದು ಸಂಸ್ಥಾಚರಿತ್ರೆ

ಅಮೆರಿಕದ ಟೆಕ್ಸಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ 2015ನೆಯ ಇಸವಿ ಜೂನ್ 1ರಂದು, ಮೇಯರ್ ಆನೀಸ್ ಪಾರ್ಕರ್ ಅವರು ತಮ್ಮ ಊರಿನಲ್ಲಿ ಮಾಜಿ ಸೈನಿಕರ ವಸತಿಹೀನತೆಯು ಕಾರ್ಯತಃ ಕೊನೆಗಂಡಿತೆಂದು ಬಹಿರಂಗವಾಗಿ ಘೋಷಿಸಿದರು. ಮೂರು ವರ್ಷಗಳಿಗೆ ತುಸು ಮೀರಿದ ಅವಧಿಯಲ್ಲಿ 3,650 ಮಂದಿ ಮಾಜಿ ಯೋಧರು ಬೀದಿಯನ್ನೂ ಸೇತುವೆಯಡಿಯನ್ನೂ ತಂಗುದಾಣಗಳನ್ನೂ ಬಿಟ್ಟು, ತಮ್ಮದೇ ಬೀಗದ ಕೈಯುಳ್ಳ ಮನೆಗಳನ್ನು ಸೇರಿದ್ದರು. ಸಮಾರಂಭಕ್ಕೆ ವಾಷಿಂಗ್ಟನ್ನಿನಿಂದ ಮೂವರು ಮಂತ್ರಿಗಳು ಬಂದಿದ್ದರು: ವಸತಿ ಮತ್ತು ನಗರಾಭಿವೃದ್ಧಿ ಇಲಾಖೆಯ ಹೂಲಿಯನ್ ಕ್ಯಾಸ್ಟ್ರೊ, ಮಾಜಿ ಸೈನಿಕರ ವ್ಯವಹಾರಗಳ ಇಲಾಖೆಯ ರಾಬರ್ಟ್ ಮ್ಯಾಕ್‌ಡೊನಾಲ್ಡ್, ಕಾರ್ಮಿಕ ಇಲಾಖೆಯ ಥಾಮಸ್ ಪೆರೆಜ್. ಉತ್ಸವಗಳಿಗೆ ಮಂತ್ರಿಗಳು ದಯಮಾಡಿಸುವುದು ಯಾವ ದೇಶದಲ್ಲಿಯೂ ಅಪೂರ್ವವಲ್ಲ. ಆದರೆ ಒಬ್ಬನೇ ಮನುಷ್ಯನ ಕಷ್ಟವನ್ನು ಮೂರು ಭಾಗವಾಗಿ ಹಂಚಿಕೊಂಡು, ಒಬ್ಬರ ಕಡತವನ್ನು ಇನ್ನೊಬ್ಬರು ಕಣ್ಣೆತ್ತಿ ನೋಡದೆ, ದಶಕಗಳ ಕಾಲ ನಡೆದುಬಂದಿದ್ದ ಮೂರು ಇಲಾಖೆಗಳ ಅಧಿಪತಿಗಳು ಒಂದು ನಗರಸಭೆಯ ಕೆಲಸಕ್ಕೆ ಸಾಕ್ಷಿಗಳಾಗಿ ನಿಂತದ್ದರಲ್ಲಿ ಈ ಚರಿತ್ರೆಯ ಅರ್ಥವೆಲ್ಲ ಅಡಗಿದೆಯೆಂದು ನನಗೆ ತೋರುತ್ತದೆ. ಆ ಘೋಷಣೆಗೆ ಹತ್ತು ವರ್ಷ ಸಂದಿರುವುದನ್ನು ನೆನೆದು, ವಸತಿಕಾರ್ಯಕ್ಕೆ ಮೀಸಲಾದ ಈ ಸಂಚಿಕೆಯಲ್ಲಿ ಅದರ ಪೂರ್ವೋತ್ತರಗಳನ್ನು ಬರೆದಿಡುವುದು ಉಚಿತವಾಗಿದೆ.

ಸೈನ್ಯದಲ್ಲಿದ್ದವನು ಬೀದಿಯಲ್ಲಿ ಮಲಗುವುದುಂಟೆ ಎಂದು ನಮ್ಮ ಓದುಗರಿಗೆ ಆಶ್ಚರ್ಯವಾಗಬಹುದು. ಕೊಡಗಿನಲ್ಲಿಯೋ ಬೆಳಗಾವಿಯ ಸೀಮೆಯಲ್ಲಿಯೋ ನಾವು ಕಂಡಿರುವ ಮಾಜಿ ಹವಾಲ್ದಾರನು ಹದಿನೈದು ವರ್ಷಕ್ಕೆ ಕಡಮೆಯಿಲ್ಲದ ಸೇವೆಯನ್ನು ಮುಗಿಸಿ, ಪೆನ್ಷನ್ನನ್ನೂ ಕ್ಯಾಂಟೀನಿನ ಕಾರ್ಡನ್ನೂ ಹಿಡಿದು, ಅಣ್ಣತಮ್ಮಂದಿರಿರುವ ಊರಿಗೆ ಹಿಂದಿರುಗುತ್ತಾನೆ. ಅಮೆರಿಕದಲ್ಲಿ ನಿವೃತ್ತಿವೇತನಕ್ಕೆ ಸಾಮಾನ್ಯವಾಗಿ ಇಪ್ಪತ್ತು ವರ್ಷಗಳ ಸೇವೆ ಬೇಕು. ಬಹುಮಂದಿ ಮೂರು ನಾಲ್ಕು ವರ್ಷಗಳ ಕರಾರನ್ನು ಮುಗಿಸಿ ಹೊರಬೀಳುತ್ತಾರೆ. ವಿಯೆಟ್ನಾಮ್ ಯುದ್ಧಕಾಲದಲ್ಲಿ ಕಡ್ಡಾಯ ಭರ್ತಿಗೆ ಸಿಕ್ಕಿದವರಂತೂ ಎರಡೇ ವರ್ಷ ಇದ್ದು, ಇಪ್ಪತ್ತೊಂದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಪೆನ್ಷನ್ನಿನ ಹಕ್ಕಾಗಲಿ ಕೈಕಸುಬಾಗಲಿ ಇಲ್ಲದೆ ಮನೆಗೆ ಬಂದವರು. ಇವರಲ್ಲಿ ಬಹುಮಂದಿ ಬಾಳನ್ನು ಕಟ್ಟಿಕೊಂಡರೆಂಬುದು ನಿಜ. ಗಾಯ, ಕುಡಿತ, ಮನೋವ್ಯಾಧಿ, ಒಡೆದ ಸಂಸಾರ, ಕಳೆದ ಕೆಲಸ, ಏರುವ ಬಾಡಿಗೆ ಇವುಗಳಲ್ಲಿ ಎರಡೋ ಮೂರೋ ಒಟ್ಟಿಗೆ ಬಂದು ಕುತ್ತಿಗೆಯನ್ನು ಹಿಡಿದಾಗ ಉಳಿದವರಿಗೆ ಹಿಂದಕ್ಕೆ ಹೋಗಲು ಮನೆಯೆಂಬುದಿರಲಿಲ್ಲ.

ಆ ದೇಶದ ಸರ್ಕಾರವು ಈ ಋಣವನ್ನು ಮರೆತಿತ್ತೆಂದು ಹೇಳುವುದು ಅನ್ಯಾಯವಾದೀತು. ಅಂತರ್ಯುದ್ಧವು ಮುಗಿಯುವುದಕ್ಕೆ ಮೊದಲೇ, 1865ರ ಮಾರ್ಚ್ 3ರಂದು, ಅಂಗವಿಕಲರಾದ ಸ್ವಯಂಸೇವಕ ಸೈನಿಕರಿಗಾಗಿ ರಾಷ್ಟ್ರೀಯ ಆಶ್ರಯಧಾಮವನ್ನು ಸ್ಥಾಪಿಸುವ ಕಾನೂನಿಗೆ ಅಧ್ಯಕ್ಷ ಲಿಂಕನ್ ಅಂಕಿತ ಹಾಕಿದರು. ಮರುವರ್ಷ ಮೇನ್ ರಾಜ್ಯದ ಟೋಗಸ್ ಎಂಬಲ್ಲಿ ಮೊದಲನೆಯ ಧಾಮವು ತೆರೆಯಿತು. ಹಾಗೆಂದು ಆ ಸರ್ಕಾರದ ನಡತೆ ಎಂದೂ ನಿಷ್ಕಳಂಕವಾಗಿದ್ದಿತೆಂದೂ ಅಲ್ಲ. ಮೊದಲನೆಯ ಮಹಾಯುದ್ಧದಲ್ಲಿ ದುಡಿದವರಿಗೆ 1924ರಲ್ಲಿ ಬೋನಸ್ಸಿನ ಪತ್ರಗಳನ್ನು ಕೊಟ್ಟು, ಹಣವನ್ನು ಮಾತ್ರ 1945ರಲ್ಲಿ ಪಡೆಯತಕ್ಕದ್ದೆಂದು ವಿಧಿಸಲಾಗಿದ್ದಿತು. ನಡುವೆ ಬಂದ ಮಹಾಮುಗ್ಗಟ್ಟಿನಲ್ಲಿ ಅನ್ನಕ್ಕೆ ಗತಿಯಿಲ್ಲದಾದ ಸಾವಿರಾರು ಮಂದಿ, ಹೆಂಡಿರು ಮಕ್ಕಳ ಸಮೇತ, 1932ರ ಬೇಸಗೆಯಲ್ಲಿ ವಾಷಿಂಗ್ಟನ್ನಿಗೆ ಬಂದು ಅನಕೋಸ್ಟಿಯ ನದಿಯ ದಂಡೆಯಲ್ಲಿ ತಗಡಿನ, ರಟ್ಟಿನ ಗುಡಿಸಲುಗಳನ್ನು ಹಾಕಿಕೊಂಡರು. ಜುಲೈ 28ರಂದು ಜನರಲ್ ಡಗ್ಲಾಸ್ ಮ್ಯಾಕಾರ್ಥರ್ ಅವರ ನೇತೃತ್ವದ ಸೇನೆಯು ಆ ಮಾಜಿ ಸೈನಿಕರನ್ನು ಕುದುರೆ, ಟ್ಯಾಂಕು, ಅಶ್ರುವಾಯುಗಳಿಂದ ಅಟ್ಟಿತು. ಗುಡಿಸಲುಗಳು ಸುಟ್ಟುಹೋದುವು. ಈ ಅಪಕೀರ್ತಿಯ ನೆನಪು ರಾಜಕಾರಣಿಗಳನ್ನು ಬಹುಕಾಲ ಕಾಡಿತು. 1944ರ ಜೂನ್ 22ರಂದು ಅಂಗೀಕೃತವಾದ ಸೈನಿಕರ ಪುನಃಸ್ಥಾಪನೆಯ ಕಾನೂನು ವಿದ್ಯಾಭ್ಯಾಸಕ್ಕೂ ಮನೆ ಕೊಳ್ಳುವ ಸಾಲಕ್ಕೂ ಧಾರಾಳವಾಗಿ ನೆರವು ನೀಡಿ ಲಕ್ಷಾಂತರ ಕುಟುಂಬಗಳನ್ನು ಮಧ್ಯಮವರ್ಗಕ್ಕೆ ಏರಿಸಿತು. ಆದರೆ ಸಾಲವನ್ನು ಕೊಡಬೇಕಾದದ್ದು ಊರಿನ ಬ್ಯಾಂಕು. ಕರಿಯ ಸೈನಿಕನು ಆ ಬ್ಯಾಂಕಿನ ಬಾಗಿಲಲ್ಲಿ, ವಿಶೇಷವಾಗಿ ದಕ್ಷಿಣದ ರಾಜ್ಯಗಳಲ್ಲಿ, ಬರಿಗೈಯಿಂದ ಹಿಂದಿರುಗಿದನು. ಇಂದಿಗೂ ವಸತಿಹೀನರಾದ ಮಾಜಿ ಸೈನಿಕರಲ್ಲಿ ಸುಮಾರು ಮೂರನೆಯ ಒಂದು ಪಾಲು ಕರಿಯರೆಂಬುದನ್ನು ಕಂಡಾಗ, ಆ ಹಳೆಯ ಬಾಗಿಲು ಅಷ್ಟು ಸುಲಭವಾಗಿ ತೆರೆದುಕೊಂಡಿಲ್ಲವೆಂದು ತಿಳಿಯುತ್ತದೆ.

ನಗರಗಳ ಕಾಲುದಾರಿಗಳಲ್ಲಿ ಮನೆಯಿಲ್ಲದವರ ಸಂಖ್ಯೆ ಕಣ್ಣಿಗೆ ಹೊಡೆಯುವಂತಾದದ್ದು 1980ರ ದಶಕದಲ್ಲಿ. 1987ರ ಜುಲೈಯಲ್ಲಿ ಮ್ಯಾಕಿನಿ ಕಾನೂನು ಬಂದು, ಕೇಂದ್ರ ಸರ್ಕಾರವು ಈ ಸಮಸ್ಯೆಗೆ ಮೊದಲ ಬಾರಿಗೆ ಗಣನೀಯವಾದ ದ್ರವ್ಯವನ್ನು ಗೊತ್ತುಮಾಡಿತು. ಮರುವರ್ಷ ಸ್ಯಾನ್ ಡಿಯೆಗೊ ನಗರದಲ್ಲಿ ವಿಯೆಟ್ನಾಮ್ ಯುದ್ಧದಿಂದ ಮರಳಿದವರೇ ಸೇರಿ, ಮೂರು ದಿನಗಳ ಮಟ್ಟಿಗೆ ಡೇರೆಗಳನ್ನು ಹೊಡೆದು, ವೈದ್ಯರನ್ನೂ ವಕೀಲರನ್ನೂ ಕ್ಷೌರಿಕರನ್ನೂ ಸರ್ಕಾರಿ ಗುಮಾಸ್ತರನ್ನೂ ಒಂದೇ ಬಯಲಿಗೆ ಕರೆತಂದು, ಬೀದಿಯಲ್ಲಿದ್ದ ತಮ್ಮ ಜೊತೆಗಾರರಿಗೆ ಒಂದೇ ಸ್ಥಳದಲ್ಲಿ ಎಲ್ಲ ನೆರವೂ ಸಿಗುವಂತೆ ಏರ್ಪಡಿಸಿದರು. ಮೂರು ದಿನದ ಮೇಲೆ ಡೇರೆಗಳನ್ನು ಕಿತ್ತರು, ಜನ ಮತ್ತೆ ಬೀದಿಗೆ ಹೋದರು. ಇದು ಆ ಮೇಳದ ದೋಷ. ಆದರೂ ಎಲ್ಲ ಕಚೇರಿಗಳೂ ಒಂದು ಬಯಲಿನಲ್ಲಿ ಕುಳಿತರೆ ಏನಾಗಬಹುದೆಂಬುದನ್ನು ಕಾರ್ಯಕರ್ತರು ಅಂದು ಕಣ್ಣಾರೆ ಕಂಡರು. ಅದೇ ಮಾದರಿಯ ಮೇಳಗಳು ಬೇರೆ ಊರುಗಳಿಗೂ ಹಬ್ಬಿದುವು.

ನಮ್ಮ ಕಥೆಯ ಬೆನ್ನೆಲುಬಾದ ಯೋಜನೆ ಹುಟ್ಟಿದ್ದು 1992ರಲ್ಲಿ. ವಸತಿ ಇಲಾಖೆಯ ಹೆಸರಿನ ಮೊದಲಕ್ಷರಗಳನ್ನೂ ಮಾಜಿ ಸೈನಿಕರ ಇಲಾಖೆಯ ಸಹಾಯಸಹಿತ ವಸತಿಯೋಜನೆಯ ಮೊದಲಕ್ಷರಗಳನ್ನೂ ಜೋಡಿಸಿ ಅದನ್ನು ಹಡ್-ವ್ಯಾಶ್ ಎಂದು ಕರೆಯುವ ವಾಡಿಕೆ. ಅದರ ರಚನೆ ಸರಳವಾದರೂ ಸೂಕ್ಷ್ಮವಾದುದು. ಮಾಜಿ ಸೈನಿಕರ ಆಸ್ಪತ್ರೆಯವರು ಅರ್ಹನಾದ ವ್ಯಕ್ತಿಯನ್ನು ಗುರುತಿಸಿ ಊರಿನ ವಸತಿ ಪ್ರಾಧಿಕಾರಕ್ಕೆ ಶಿಫಾರಸು ಮಾಡುತ್ತಾರೆ. ಪ್ರಾಧಿಕಾರವು ಅವನ ಆದಾಯವನ್ನು ಪರಿಶೀಲಿಸಿ ಬಾಡಿಗೆಯ ವೋಚರನ್ನು ಕೊಡುತ್ತದೆ. ಅವನು ಅದನ್ನು ಹಿಡಿದು ಊರಿನಲ್ಲಿ ಎಲ್ಲಿ ಬೇಕಾದರೂ, ಒಪ್ಪುವ ಮಾಲೀಕನಿದ್ದರೆ, ಮನೆಯನ್ನು ಹುಡುಕಿಕೊಳ್ಳಬಹುದು. ಮನೆಯು ವಾಸಯೋಗ್ಯವೆಂದು ಇನ್‌ಸ್ಪೆಕ್ಟರು ಷರಾ ಬರೆದ ಮೇಲೆ, ಬಾಡಿಗೆದಾರನು ತನ್ನ ಆದಾಯದ ಸುಮಾರು ಶೇಕಡ 30ರಷ್ಟನ್ನು ಕೊಡುವನು, ಮಿಕ್ಕ ಬಾಡಿಗೆಯನ್ನು ಪ್ರಾಧಿಕಾರವು ನೇರವಾಗಿ ಮಾಲೀಕನಿಗೆ ಸಲ್ಲಿಸುವುದು. ಇದು ವಸತಿ ಇಲಾಖೆಯ ಪಾಲು. ಮಾಜಿ ಸೈನಿಕರ ಇಲಾಖೆಯ ಪಾಲೆಂದರೆ ಕೇಸ್ ಮ್ಯಾನೇಜರನೆಂಬ ಸಮಾಜಕಾರ್ಯಕರ್ತನು: ಅವನು ಆ ಮನೆಗೆ ಹೋಗಿಬರುತ್ತ, ಔಷಧಿ ತೆಗೆದುಕೊಂಡನೆ, ಬಾಡಿಗೆ ಕಟ್ಟಿದನೆ, ಪಕ್ಕದ ಮನೆಯವನೊಡನೆ ಜಗಳವಾಡಿದನೆ ಎಂಬುದನ್ನೆಲ್ಲ ನೋಡಿಕೊಳ್ಳತಕ್ಕವನು. ಮನೆಯಿಲ್ಲದ ಚಿಕಿತ್ಸೆಯೂ ಚಿಕಿತ್ಸೆಯಿಲ್ಲದ ಮನೆಯೂ ಎಷ್ಟೋ ಜನರಲ್ಲಿ ವಿಫಲವಾದದ್ದನ್ನು ಕಂಡು ಎರಡು ಇಲಾಖೆಗಳೂ ಕೈಕೂಡಿಸಿದ ಯೋಜನೆ ಇದು. ಕಲ್ಪನೆ ಇಷ್ಟು ಚೆನ್ನಾಗಿದ್ದರೂ ಮೊದಲ ಹದಿನೈದು ವರ್ಷ ಅದಕ್ಕೆ ದೊರೆತ ವೋಚರುಗಳು ಎರಡು ಸಾವಿರಕ್ಕಿಂತ ಕಡಮೆ. ಇರಾಕ್ ಮತ್ತು ಆಫ್ಘಾನಿಸ್ತಾನದಿಂದ ಹೊಸ ತಲೆಮಾರಿನ ಗಾಯಾಳುಗಳು ಬರತೊಡಗಿದ ಮೇಲೆ, 2008ರಲ್ಲಿ ಅಮೆರಿಕದ ಕಾಂಗ್ರೆಸ್ಸು ಏಳೂವರೆ ಕೋಟಿ ಡಾಲರನ್ನು ಮಂಜೂರು ಮಾಡಿ ಒಂದೇ ಏಟಿಗೆ ಸುಮಾರು ಹತ್ತು ಸಾವಿರ ವೋಚರುಗಳನ್ನು ಹೊರಡಿಸಿತು. ಅಲ್ಲಿಂದಾಚೆಗೆ ಬಹುತೇಕ ಪ್ರತಿ ವರ್ಷವೂ ಹೊಸ ವೋಚರುಗಳು ಸೇರುತ್ತ, ಈಗ ಅವುಗಳ ಸಂಖ್ಯೆ ಒಂದು ಲಕ್ಷವನ್ನು ಮೀರಿದೆ.

ವೋಚರು ಕೈಗೆ ಬಂದರೆ ಮನೆ ಸಿಕ್ಕಿತೆಂದು ತಿಳಿಯಬಾರದು. ಬಾಡಿಗೆಯ ಮನೆಗೆ ಅರ್ಜಿ ಶುಲ್ಕವಿದೆ, ಮುಂಗಡವಿದೆ, ಹಿಂದಿನ ವಿದ್ಯುತ್ತಿನ ಬಾಕಿ ತೀರದೆ ಹೊಸ ಮನೆಗೆ ದೀಪ ಕೊಡಲಾರೆವೆಂಬ ಕಂಪನಿಯಿದೆ; ಇವು ಯಾವುವನ್ನೂ ವೋಚರಿನ ದುಡ್ಡಿನಲ್ಲಿ ತೀರಿಸುವಂತಿರಲಿಲ್ಲ. ತಿಂಗಳು ತಿಂಗಳಿಗೆ ಸಾವಿರ ಡಾಲರ್ ಬಾಡಿಗೆ ಕೊಡಲು ಸರ್ಕಾರ ಸಿದ್ಧವಾಗಿ ನಿಂತಿದ್ದು, ನಾಲ್ಕುನೂರು ಡಾಲರಿನ ಮುಂಗಡವಿಲ್ಲದೆ ಮನುಷ್ಯನು ಸೇತುವೆಯ ಕೆಳಗೇ ಉಳಿಯುವುದು ಸಾಧ್ಯವಾಗಿದ್ದಿತು. ಮದುವೆಮನೆಯಲ್ಲಿ ಅಡಿಗೆಯಾಗಿ, ಬಡಿಸುವವರು ಸೌಟು ಹಿಡಿದು ನಿಂತು, ಎಲೆ ಹಾಕುವವನು ಮಾತ್ರ ಬಾರದಿದ್ದಂತೆ. ಈ ಕೊರತೆಯನ್ನು ತುಂಬಿದ್ದು 2008ರಲ್ಲಿ ಕಾನೂನಾಗಿ 2011ರಲ್ಲಿ ಹಣ ಹಂಚತೊಡಗಿದ ಇನ್ನೊಂದು ಯೋಜನೆ. ಮಾಜಿ ಸೈನಿಕರ ಕುಟುಂಬಗಳಿಗೆ ಆಸರೆ ನೀಡುವ ಸ್ಥಳೀಯ ಸೇವಾಸಂಸ್ಥೆಗಳಿಗೆ ನೇರವಾಗಿ ಅನುದಾನ ಕೊಡುವ ಈ ಯೋಜನೆಯ ಮೊದಲ ಕಂತಿನಲ್ಲಿ 85 ಸಂಸ್ಥೆಗಳಿಗೆ ಸುಮಾರು ಆರು ಕೋಟಿ ಡಾಲರ್ ಸಂದಿತು. ಕೆಲವೇ ವರ್ಷಗಳಲ್ಲಿ ಅದು ವಾರ್ಷಿಕ 30 ಕೋಟಿಯ ಸುಮಾರಿಗೆ ಬೆಳೆಯಿತು. ಮುಂಗಡ, ಹಳೆಯ ಬಾಕಿ, ಕೆಲವು ತಿಂಗಳ ಬಾಡಿಗೆ, ಸಾಮಾನು ಸಾಗಿಸುವ ವೆಚ್ಚ ಇವೆಲ್ಲಕ್ಕೂ ಆ ಹಣ ಒದಗಿತು. ಅದಕ್ಕೂ ಹೊರತಾದ ಹಾಸಿಗೆ, ಪಾತ್ರೆ, ಮೇಜು ಕುರ್ಚಿಗಳನ್ನು ಇಗರ್ಜಿಗಳೂ ದಾನಿಗಳೂ ಕೊಡಬೇಕಾಯಿತು. ಹೀಗೆ ಒಂದು ಮನೆಯ ಬಾಗಿಲು ತೆರೆಯಲು ಕನಿಷ್ಠ ಪಕ್ಷ ನಾಲ್ಕು ಕಡೆಯ ಹಣ ಬೇಕಾಗಿದ್ದಿತು. ನಾಲ್ಕಕ್ಕೂ ನಾಲ್ಕು ನಿಯಮ, ನಾಲ್ಕು ನಮೂನೆಯ ಅರ್ಜಿ, ನಾಲ್ಕು ಲೆಕ್ಕಪರಿಶೋಧನೆ.

ಇಲ್ಲಿ ಒಂದು ಸಿದ್ಧಾಂತದ ವಿವಾದವನ್ನೂ ಹೇಳದೆ ಹೋಗುವಂತಿಲ್ಲ. ಮೊದಲು ಕುಡಿತ ಬಿಡಲಿ, ಚಿಕಿತ್ಸೆಗೆ ಒಪ್ಪಲಿ, ತಂಗುದಾಣದ ಶಿಸ್ತಿನಲ್ಲಿ ಆರು ತಿಂಗಳಿದ್ದು ಯೋಗ್ಯನೆಂದು ತೋರಿಸಿಕೊಳ್ಳಲಿ, ಅನಂತರ ಮನೆ ಎಂಬುದು ಹಳೆಯ ಪದ್ಧತಿ. ನ್ಯೂಯಾರ್ಕಿನಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ಅವರು 1992ರಲ್ಲಿ ಇದನ್ನು ತಲೆಕೆಳಗು ಮಾಡಿ, ಷರತ್ತಿಲ್ಲದೆ ಮೊದಲು ಮನೆಯನ್ನು ಕೊಟ್ಟು, ಚಿಕಿತ್ಸೆಯನ್ನು ಬಾಗಿಲಿಗೆ ಒಯ್ದರು. ಹಾಗೆ ಮನೆ ಪಡೆದವರಲ್ಲಿ ಬಹುಮಂದಿ ಮನೆಯಲ್ಲಿಯೇ ನೆಲೆನಿಂತರು. ನೀತಿವಂತರಿಗೆ ಇದು ಸೋಮಾರಿಗೆ ಬಹುಮಾನವೆಂದು ಕಂಡಿತು, ಈಗಲೂ ಕಾಣುತ್ತದೆ. ಇತ್ತೀಚಿನ ವರ್ಷಗಳಲ್ಲಿ ಈ ಆಕ್ಷೇಪಣೆ ಮತ್ತೆ ಬಲವಾಗಿ ಕೇಳಿಬರುತ್ತಿದೆ. ಮಳೆಯಲ್ಲಿ ನೆನೆಯುತ್ತಿರುವವನಿಗೆ ವೈರಾಗ್ಯವನ್ನು ಬೋಧಿಸುವುದರಿಂದ ಮದ್ಯಪಾನ ನಿಂತ ಉದಾಹರಣೆಯನ್ನು ನಾನಂತೂ ಕಾಣೆನು. ಮಾಜಿ ಸೈನಿಕರ ಇಲಾಖೆಯು 2012ರ ಹೊತ್ತಿಗೆ ಹೊಸ ಪದ್ಧತಿಯನ್ನೇ ತನ್ನದಾಗಿ ಮಾಡಿಕೊಂಡಿತು.

ಅಷ್ಟರಲ್ಲಿ ದೇಶದ ಮಟ್ಟದಲ್ಲಿ ಒಂದು ಗಡುವು ಬಿದ್ದಿದ್ದಿತು. ಸ್ವತಃ ವಿಯೆಟ್ನಾಮಿನಲ್ಲಿ ಪಾದಕ್ಕೆ ಪೆಟ್ಟು ತಿಂದು ಬಂದ ಜನರಲ್ ಎರಿಕ್ ಶಿನ್ಸೆಕಿ ಅವರು, ಮಾಜಿ ಸೈನಿಕರ ಇಲಾಖೆಯ ಮಂತ್ರಿಯಾಗಿ, 2009ರ ನವೆಂಬರಿನಲ್ಲಿ, ಐದು ವರ್ಷಗಳಲ್ಲಿ ಒಬ್ಬ ಮಾಜಿ ಸೈನಿಕನೂ ಬೀದಿಯಲ್ಲಿರಕೂಡದೆಂದು ಗುರಿಯನ್ನು ಸಾರಿದರು; 2010ರ ಜೂನಿನಲ್ಲಿ ಪ್ರಕಟವಾದ ಕೇಂದ್ರದ ಸಮಗ್ರ ಯೋಜನೆಯೂ ಆ ಗುರಿಯನ್ನು ಎತ್ತಿಹಿಡಿಯಿತು. ಆ ವರ್ಷದ ಜನವರಿಯ ಒಂದು ರಾತ್ರಿಯ ಎಣಿಕೆಯಲ್ಲಿ ದೇಶಾದ್ಯಂತ ಸುಮಾರು 74 ಸಾವಿರ ಮಾಜಿ ಸೈನಿಕರು ಮನೆಯಿಲ್ಲದವರೆಂದು ಕಂಡುಬಂದಿತ್ತು. ಗಡುವು ಹಾಕುವುದು ಸುಲಭ; ಅದನ್ನು ಸಾಧಿಸುವುದು ವಾಷಿಂಗ್ಟನ್ನಿನ ಕೈಯಲ್ಲಿರಲಿಲ್ಲ, ಏಕೆಂದರೆ ಬಾಡಿಗೆಯ ಮನೆಗಳಾಗಲಿ ಮಾಲೀಕರಾಗಲಿ ಸೇತುವೆಗಳಾಗಲಿ ವಾಷಿಂಗ್ಟನ್ನಿನಲ್ಲಿರಲಿಲ್ಲ.

ಹ್ಯೂಸ್ಟನ್ ಆಗ ಕೀರ್ತಿವಂತವಾದ ಊರಲ್ಲ. 2011ರ ಎಣಿಕೆಯಲ್ಲಿ ನಗರ ಮತ್ತು ಸುತ್ತಣ ಜಿಲ್ಲೆಗಳಲ್ಲಿ ಎಲ್ಲ ಬಗೆಯ ವಸತಿಹೀನರು ಸೇರಿ ಸುಮಾರು ಎಂಟೂವರೆ ಸಾವಿರ. ಕೇಂದ್ರದ ವಸತಿ ಇಲಾಖೆಯು ಅದನ್ನು ವಿಶೇಷ ಗಮನ ಬೇಕಾದ ಪ್ರದೇಶಗಳ ಸಾಲಿಗೆ ಸೇರಿಸಿತು. ಹಣವಿರಲಿಲ್ಲವೆ? ಇದ್ದಿತು. ವಸತಿ ಪ್ರಾಧಿಕಾರಗಳು ಎರಡಿದ್ದುವು, ಒಂದು ನಗರದ್ದು, ಒಂದು ಹ್ಯಾರಿಸ್ ಜಿಲ್ಲೆಯದು. ಹೃದಯಶಸ್ತ್ರವೈದ್ಯ ಮೈಕೇಲ್ ಡಿಬೇಕಿ ಅವರ ಹೆಸರನ್ನು ಹೊತ್ತ ದೊಡ್ಡ ಸೈನಿಕ ಆಸ್ಪತ್ರೆಯಿದ್ದಿತು. ನೂರರ ಸಮೀಪದ ಸೇವಾಸಂಸ್ಥೆಗಳಿದ್ದುವು, ಪ್ರತಿಯೊಂದಕ್ಕೂ ತನ್ನದೇ ಬಾಗಿಲು, ತನ್ನದೇ ಸರದಿ, ತನ್ನದೇ ದಾನಿಗಳು. ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ, ಒಬ್ಬ ಮಾಜಿ ಸೈನಿಕನು ಬೀದಿಯಿಂದ ಮನೆಯ ಬೀಗದ ಕೈವರೆಗೆ ಹೋಗುವ ದಾರಿಯನ್ನು ಗೋಡೆಯ ಮೇಲೆ ಹೆಜ್ಜೆ ಹೆಜ್ಜೆಯಾಗಿ ಬರೆದು ನೋಡಿದಾಗ ಹೆಜ್ಜೆಗಳ ಸಂಖ್ಯೆ 76 ಆಯಿತು, ಹಿಡಿಯುತ್ತಿದ್ದ ಕಾಲ 720 ದಿವಸ.

ಎರಡು ವರ್ಷ ಎಲ್ಲಿ ಹೋಗುತ್ತಿದ್ದಿತೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಸೈನ್ಯದಿಂದ ಬಿಡುಗಡೆಯಾದವನ ಸೇವೆಗೆ ಪ್ರಮಾಣ ಡಿಡಿ 214 ಎಂಬ ಕಾಗದ. ಅದಿಲ್ಲದಿದ್ದರೆ ಆಸ್ಪತ್ರೆಯವರು ಅವನನ್ನು ಮಾಜಿ ಸೈನಿಕನೆಂದು ಸುಲಭವಾಗಿ ಒಪ್ಪರು. ವಸತಿ ಪ್ರಾಧಿಕಾರಕ್ಕೆ ಭಾವಚಿತ್ರದ ಗುರುತಿನ ಚೀಟಿಯೂ ಸಾಮಾಜಿಕ ಭದ್ರತೆಯ ಕಾರ್ಡೂ ಬೇಕು. ಬೀದಿಯಲ್ಲಿ ಮಲಗುವವನ ಚೀಲವನ್ನು ಒಂದು ರಾತ್ರಿ ಕಳ್ಳನು ಒಯ್ಯುತ್ತಾನೆ, ಇನ್ನೊಂದು ರಾತ್ರಿ ಜೋಪಡಿಗಳನ್ನು ತೆರವು ಮಾಡುವ ನಗರಸಭೆಯ ಲಾರಿಯೇ ಒಯ್ಯುತ್ತದೆ. ಚೀಲದೊಡನೆ ಕಾಗದಗಳೂ ಹೋಗುತ್ತವೆ. ಗುರುತಿನ ಚೀಟಿಯನ್ನು ಹೊಸದಾಗಿ ಪಡೆಯಲು ಜನನಪತ್ರ ಬೇಕು. ಜನನಪತ್ರವನ್ನು ತರಿಸಲು ಗುರುತಿನ ಚೀಟಿ ಬೇಕು. ಉತ್ತರ ಬರುವ ವಿಳಾಸವಂತೂ ಮೊದಲೇ ಇಲ್ಲ. ಕಾಗದಗಳು ಕೂಡುವ ಹೊತ್ತಿಗೆ ವೋಚರಿನ ಅವಧಿ ಮುಗಿದಿರುತ್ತದೆ, ಇಲ್ಲವೆ ಮನುಷ್ಯನೇ ಬೇರೆ ಸೇತುವೆಗೆ ಹೋಗಿರುತ್ತಾನೆ. ಇದರಲ್ಲಿ ಯಾವ ಗುಮಾಸ್ತನದೂ ದುಷ್ಟತನವಿಲ್ಲ. ಪ್ರತಿಯೊಬ್ಬನೂ ತನ್ನ ಮೇಜಿನ ಮೇಲಿನ ನಿಯಮವನ್ನು ಪಾಲಿಸಿದವನೇ.

ಪಾರ್ಕರ್ ಅವರ ಆಡಳಿತವು ಮಾಡಿದ ಮುಖ್ಯ ಕೆಲಸವೆಂದರೆ, ಈ ಮೇಜುಗಳನ್ನು ಒಂದರ ಪಕ್ಕಕ್ಕೊಂದು ಎಳೆದದ್ದು. 2012ರಲ್ಲಿ ಬಹುಕಾಲದಿಂದ ಬೀದಿಯಲ್ಲಿದ್ದ 100 ಮಂದಿ ಮಾಜಿ ಸೈನಿಕರನ್ನು 100 ದಿನಗಳಲ್ಲಿ ಮನೆ ಸೇರಿಸುವುದಾಗಿ ಪಣ ತೊಟ್ಟು 101 ಮಂದಿಯನ್ನು ಸೇರಿಸಿದರು. ಸಂಖ್ಯೆ ಅಲ್ಪವಾದರೂ, ಆಗದೆಂದು ಹೇಳುತ್ತಿದ್ದವರ ಬಾಯಿ ಕಟ್ಟಿತು. ಮೇಯರರ ಪರವಾಗಿ ಈ ಕಾರ್ಯವೊಂದನ್ನೇ ನೋಡಿಕೊಳ್ಳಲು ಮ್ಯಾಂಡಿ ಚಾಪ್‌ಮನ್ ಸೆಂಪಲ್ ಅವರು ನಿಯುಕ್ತರಾದರು. ಹ್ಯೂಸ್ಟನ್ ಮತ್ತು ಹ್ಯಾರಿಸ್ ಜಿಲ್ಲೆಯ ವಸತಿಹೀನರ ಒಕ್ಕೂಟವು ಎಲ್ಲ ಸಂಸ್ಥೆಗಳಿಗೂ ಸಾಮಾನ್ಯವಾದ ದಫ್ತರಖಾನೆಯಂತಾಯಿತು. ಸಂಸ್ಥೆಗಳು ತಮ್ಮ ತಮ್ಮ ಸರದಿಗಳನ್ನು ಬಿಟ್ಟುಕೊಟ್ಟು ಹೆಸರುಗಳ ಒಂದೇ ಪಟ್ಟಿಗೆ ತಲೆಬಾಗಿದುವು. ಬಿಟ್ಟುಕೊಟ್ಟುವು ಎಂದು ಬರೆಯುವುದು ಸುಲಭ; ತನ್ನ ಬಾಗಿಲಿಗೆ ಯಾರನ್ನು ಬಿಡಬೇಕೆಂಬ ಅಧಿಕಾರವೇ ಒಂದು ಸಣ್ಣ ಸಂಸ್ಥೆಯ ಸರ್ವಸ್ವವಾಗಿರುತ್ತದೆ, ಅದನ್ನು ಬಿಡಿಸಿದ್ದು ಸೌಜನ್ಯವೊಂದೇ ಅಲ್ಲ, ಪಟ್ಟಿಗೆ ಬಾರದವರಿಗೆ ಸಾರ್ವಜನಿಕ ಹಣವಿಲ್ಲವೆಂಬ ಎಚ್ಚರಿಕೆಯೂ ಹೌದು. ಇದರಲ್ಲಿ ಹಣಕೊಡುವವರ ಪಾತ್ರವನ್ನು ಸೌಮ್ಯವಾಗಿ ಮುಚ್ಚಿಡುವುದು ಸ್ಮರಣ ಸಂಚಿಕೆಗಳ ರೂಢಿಯಾದರೂ, ನನಗೆ ಅದು ಸತ್ಯವೆಂದು ತೋರುವುದಿಲ್ಲ.

ಈ ಪಟ್ಟಿಯನ್ನು ಪರಿಶೀಲಿಸುವ ಸಭೆ ನಡೆಯುವ ರೀತಿ ಗಮನಾರ್ಹವಾದುದು. ಅಲ್ಲಿ ಅಂಕಿಅಂಶಗಳನ್ನು ಓದುವುದಿಲ್ಲ, ಹೆಸರುಗಳನ್ನು ಓದುತ್ತಾರೆ. ಇಂಥವನು ಎಲ್ಲಿದ್ದಾನೆ, ಯಾರು ಕೊನೆಗೆ ನೋಡಿದರು, ಅವನ ಡಿಡಿ 214 ಬಂದಿತೆ, ವೋಚರು ಆಯಿತೆ, ಮುಂಗಡವನ್ನು ಯಾರು ಕೊಡುತ್ತಾರೆ ಎಂದು ಒಬ್ಬೊಬ್ಬನ ವಿಷಯವನ್ನೂ ತೀರ್ಮಾನಿಸದೆ ಮುಂದಿನ ಹೆಸರಿಗೆ ಹೋಗುವಂತಿಲ್ಲ. ಆಸ್ಪತ್ರೆಯವರು ಸೇವೆಯ ದಾಖಲೆಯನ್ನು ಗಣಕಯಂತ್ರದಲ್ಲಿ ಅಲ್ಲಿಯೇ ನೋಡಿ ಹೇಳುತ್ತಾರೆ. ಪ್ರಾಧಿಕಾರದವರು ಅಲ್ಲಿಯೇ ದಿನಾಂಕ ಕೊಡುತ್ತಾರೆ. ಮಾಲೀಕರ ವಿಷಯದಲ್ಲಿಯೂ ಇದೇ ಉಪಾಯ: ನೂರು ಸಂಸ್ಥೆಗಳು ನೂರು ಕಡೆಯಿಂದ ಹೋಗಿ ಒಂದೊಂದು ಮನೆ ಕೇಳುವ ಬದಲು, ನಗರದ ಪರವಾಗಿ ಒಬ್ಬರು ಹೋಗಿ, ಬಾಡಿಗೆ ತಪ್ಪದೆ ಬರುವುದು, ತೊಂದರೆಯಾದರೆ ರಾತ್ರಿಯೂ ಫೋನು ಎತ್ತಿಕೊಳ್ಳುವವರಿರುವರು ಎಂದು ಭರವಸೆಯಿತ್ತು, ಹತ್ತಿಪ್ಪತ್ತು ಮನೆಗಳನ್ನು ಒಟ್ಟಿಗೆ ಹಿಡಿದಿಡುವುದು. ಇದಕ್ಕೆ ಊರಿನ ಸ್ಥಿತಿಯೂ ಅನುಕೂಲವಾಗಿದ್ದಿತು: ಹ್ಯೂಸ್ಟನ್ನಿನಲ್ಲಿ ಭೂಮಿಯ ಉಪಯೋಗವನ್ನು ವಲಯಗಳಾಗಿ ಕಟ್ಟಿಹಾಕುವ ಕಾನೂನಿಲ್ಲ, ಕಟ್ಟಡಗಳು ಬೇಗ ಏಳುತ್ತವೆ, ಬಾಡಿಗೆ ಕ್ಯಾಲಿಫೋರ್ನಿಯದ ಊರುಗಳಿಗಿಂತ ಬಹಳ ಕಡಮೆ. ಈ ಭಾಗ್ಯವಿಲ್ಲದ ಊರುಗಳು ಹ್ಯೂಸ್ಟನ್ನಿನ ಕ್ರಮವನ್ನು ಅನುಸರಿಸಿದರೂ ಅದರ ವೇಗವನ್ನು ನಿರೀಕ್ಷಿಸಲಾಗದು.

ಹ್ಯೂಸ್ಟನ್ನಿಗಿಂತ ಐದು ತಿಂಗಳು ಮುಂಚೆ ಈ ಗೆರೆಯನ್ನು ಮುಟ್ಟಿದ ದೊಡ್ಡ ನಗರ ನ್ಯೂ ಆರ್ಲಿಯನ್ಸ್. 2005ರ ಕತ್ರೀನ ಚಂಡಮಾರುತವು ಆ ಊರಿನ ಮನೆಗಳನ್ನು ಮುಳುಗಿಸಿದ ಮೇಲೆ ಪೌರಸಭೆಯ ಎದುರಿನ ಉದ್ಯಾನದಲ್ಲಿಯೇ ಡೇರೆಗಳ ಊರು ಎದ್ದಿತ್ತು. 2014ರ ಜೂನಿನಲ್ಲಿ ಅಂದಿನ ಅಧ್ಯಕ್ಷರ ಪತ್ನಿ ಮಿಷೆಲ್ ಒಬಾಮ ಅವರು ಮಾಜಿ ಸೈನಿಕರ ವಸತಿಹೀನತೆಯನ್ನು ಕೊನೆಗಾಣಿಸುವಂತೆ ದೇಶದ ಮೇಯರುಗಳಿಗೆ ಸವಾಲನ್ನು ಒಡ್ಡಿದಾಗ ಒಪ್ಪಿಕೊಂಡ ಮೊದಲಿಗರಲ್ಲಿ ಮೇಯರ್ ಮಿಚ್ ಲ್ಯಾಂಡ್ರ್ಯೂ ಒಬ್ಬರು. ಸೇವೆಯಲ್ಲಿದ್ದ ಸೈನಿಕರೂ ಮಾಜಿ ಸೈನಿಕರೂ ರಾತ್ರಿ ಬೀದಿಗಿಳಿದು ತಮ್ಮವರನ್ನು ಹುಡುಕಿದರು. ಇಲಾಖೆಯ ಗುಮಾಸ್ತನಿಗೆ ಬೆನ್ನು ತಿರುಗಿಸುವವನು ಹಳೆಯ ಪಲ್ಟಣದವನಿಗೆ ಉತ್ತರ ಕೊಡುತ್ತಾನೆ. ಆರೇ ತಿಂಗಳಲ್ಲಿ 227 ಮಂದಿಗೆ ಮನೆ ಸಿಕ್ಕಿ, 2015ರ ಜನವರಿಯಲ್ಲಿ ಘೋಷಣೆಯಾಯಿತು. ಅದೇ ವರ್ಷದ ನವೆಂಬರ್ 11ರಂದು ವರ್ಜೀನಿಯವು ಈ ಗೌರವವನ್ನು ಪಡೆದ ಮೊದಲನೆಯ ರಾಜ್ಯವಾಯಿತು.

ಕೂಡಿ ದುಡಿಯದಿದ್ದರೆ ಏನಾಗುತ್ತದೆಂಬುದಕ್ಕೆ ಲಾಸ್ ಏಂಜಲೀಸ್ ಸಾಕ್ಷಿ. ಅಲ್ಲಿ 1888ರಲ್ಲಿ ಸೆನೆಟರ್ ಜಾನ್ ಜೋನ್ಸ್ ಮತ್ತು ಆರ್ಕೇಡಿಯ ಬಂಡೀನಿ ಎಂಬ ಭೂಮಾಲೀಕರು ಸೈನಿಕರ ಆಶ್ರಯಧಾಮಕ್ಕೆಂದೇ ದಾನ ಕೊಟ್ಟ ನೆಲದಲ್ಲಿ ಇನ್ನೂ 388 ಎಕರೆ ಮಾಜಿ ಸೈನಿಕರ ಇಲಾಖೆಯ ವಶದಲ್ಲಿದೆ. ಪಟ್ಟಣದ ಅತ್ಯಂತ ಬೆಲೆಬಾಳುವ ನೆಲ. ಖಾಸಗಿ ಶಾಲೆಯ ಕ್ರೀಡಾಂಗಣಕ್ಕೂ ವಿಶ್ವವಿದ್ಯಾನಿಲಯದ ಬೇಸ್‌ಬಾಲ್ ಅಂಗಳಕ್ಕೂ ಅದರಲ್ಲಿ ಜಾಗ ಗುತ್ತಿಗೆಗೆ ಹೋಗಿ, ಬೇಲಿಯ ಹೊರಗೆ ಕಾಲುದಾರಿಯಲ್ಲಿ ಮಾಜಿ ಸೈನಿಕರು ಡೇರೆಗಳಲ್ಲಿ ಮಲಗಿದರು. 2011ರಲ್ಲಿ ಒಂದು ವ್ಯಾಜ್ಯ, ರಾಜಿ, ಮತ್ತೆ ವ್ಯಾಜ್ಯ. 2024ರಲ್ಲಿ ಕೇಂದ್ರ ನ್ಯಾಯಾಲಯದ ನ್ಯಾಯಾಧೀಶ ಡೇವಿಡ್ ಕಾರ್ಟರ್ ಅವರು ಆ ನೆಲದಲ್ಲಿ ಸೈನಿಕರಿಗೆ ಮನೆ ಕಟ್ಟಬೇಕೆಂದು ತೀರ್ಪಿತ್ತರು. ಹಣ, ಭೂಮಿ, ಆಸ್ಪತ್ರೆ ಮೂರೂ ಇದ್ದ ಊರು ಅದು.

ಹ್ಯೂಸ್ಟನ್ನಿನ ಘೋಷಣೆಯ ಅರ್ಥವನ್ನು ಹಿಗ್ಗಿಸಬಾರದು. ಮರುದಿನ ಬೆಳಗ್ಗೆ ಆ ನಗರದಲ್ಲಿ ಒಬ್ಬ ಮಾಜಿ ಸೈನಿಕನೂ ಬೀದಿಯಲ್ಲಿರಲಿಲ್ಲವೆಂದು ಯಾರೂ ಹೇಳಲಿಲ್ಲ. ಬೀದಿಗೆ ಬಂದವನನ್ನು ಗುರುತಿಸಿ, ಒಡನೆ ತಂಗಲು ಸ್ಥಳ ಕೊಟ್ಟು, ಶೀಘ್ರವಾಗಿ ಸ್ಥಿರವಾದ ಮನೆಗೆ ಸೇರಿಸುವ ಶಕ್ತಿ ಊರಿಗೆ ಬಂದಿದೆ ಎಂಬಷ್ಟೇ ಅದರ ತಾತ್ಪರ್ಯ. ಆ ಶಕ್ತಿ ಮೇಯರ್ ಬದಲಾದರೂ ಉಳಿಯಿತು: ಸಿಲ್ವೆಸ್ಟರ್ ಟರ್ನರ್ ಅವರ ಕಾಲದಲ್ಲಿ, 2020ರ ಮಹಾಮಾರಿಯ ಸಮಯ, ನಗರವೂ ಜಿಲ್ಲೆಯೂ ಕೇಂದ್ರದಿಂದ ಬಂದ ಪರಿಹಾರದ ಹಣವನ್ನು ಒಂದೇ ಬೊಕ್ಕಸಕ್ಕೆ ಹಾಕಿ, ಸೈನಿಕರಿಗಾಗಿ ಕಲಿತ ಕ್ರಮವನ್ನು ಎಲ್ಲ ವಸತಿಹೀನರಿಗೂ ಅನ್ವಯಿಸಿದುವು. ಪ್ರದೇಶದ ಒಟ್ಟು ವಸತಿಹೀನರ ಸಂಖ್ಯೆ 2011ಕ್ಕೆ ಹೋಲಿಸಿದರೆ ಅರ್ಧಕ್ಕಿಂತಲೂ ಕೆಳಗಿಳಿಯಿತು. ದೇಶದ ಲೆಕ್ಕದಲ್ಲಿ ವಸತಿಹೀನ ಮಾಜಿ ಸೈನಿಕರು 2016ರಲ್ಲಿ 39,471, 2022ರಲ್ಲಿ 33,129. 2023ರಲ್ಲಿ ಬಾಡಿಗೆಗಳೊಡನೆ ಏರಿ 35,574. 2024ರಲ್ಲಿ ಇಳಿದು 32,882. ಶಿನ್ಸೆಕಿಯವರ ಗಡುವು ಮೀರಿ ಒಂಬತ್ತು ವರ್ಷ ಕಳೆದಿದ್ದುವು. ಸಂಖ್ಯೆ ಮಾತ್ರ ಅರ್ಧಕ್ಕಿಂತ ಕಡಮೆಯಾಗಿದ್ದಿತು. ಸೋಲೆಂದು ಕರೆಯುವವರು 2010ರ ಅಂಕಿಯನ್ನು ಮತ್ತೊಮ್ಮೆ ನೋಡಲಿ. ಅದೇ ವರ್ಷಗಳಲ್ಲಿ ಸೈನಿಕರಲ್ಲದ ವಸತಿಹೀನರ ಸಂಖ್ಯೆ ಏರಿತೆಂಬುದನ್ನೂ ಪಕ್ಕದಲ್ಲಿಟ್ಟು ನೋಡಲಿ.

ಉಳಿದ ತೊಡಕುಗಳು ಹೆಚ್ಚಾಗಿ ನಿಯಮಗಳ ಬಿರುಕುಗಳಲ್ಲಿವೆ. ಶಿಸ್ತಿನ ಕಾರಣದಿಂದ ಗೌರವಯುತವಲ್ಲದ ಬಿಡುಗಡೆ ಪತ್ರವನ್ನು ಪಡೆದವನಿಗೆ, ಆ ಶಿಸ್ತುಭಂಗವು ಯುದ್ಧದ ಆಘಾತದಿಂದಲೇ ಬಂದದ್ದಾದರೂ, ಇಲಾಖೆಯ ಆಸ್ಪತ್ರೆಯಿಂದ ಶಿಫಾರಸು ಸಿಗುತ್ತಿರಲಿಲ್ಲ. ಅಂಥವರನ್ನು ಊರಿನ ಬೇರೆ ಹಣದಿಂದ ಮನೆ ಸೇರಿಸಬೇಕಾಗುತ್ತಿತ್ತು. 2021ರ ಆರಂಭದಲ್ಲಿ ಬಂದ ಕಾನೂನು ಅಂಥವರಲ್ಲಿ ಬಹುಪಾಲಿನವರಿಗೆ ವೋಚರಿನ ಬಾಗಿಲನ್ನು ತೆರೆಯಿತು. ಇನ್ನೊಂದು ಬಿರುಕು ಇದಕ್ಕಿಂತ ವಿಚಿತ್ರ. ಯುದ್ಧದಲ್ಲಿ ಅಂಗವೈಕಲ್ಯ ಹೊಂದಿದವನಿಗೆ ಮಾಜಿ ಸೈನಿಕರ ಇಲಾಖೆಯು ತಿಂಗಳು ತಿಂಗಳು ಕೊಡುವ ಪರಿಹಾರವನ್ನು ವಸತಿ ಇಲಾಖೆಯು ಅವನ ಆದಾಯವೆಂದು ಎಣಿಸುತ್ತಿದ್ದಿತು. ಹೆಚ್ಚು ಗಾಯಗೊಂಡವನಿಗೆ ಹೆಚ್ಚು ಪರಿಹಾರ, ಹೆಚ್ಚು ಪರಿಹಾರ ಪಡೆದವನು ವೋಚರಿಗೆ ಅನರ್ಹ. ಇದನ್ನು 2024ರ ಆಗಸ್ಟಿನಲ್ಲಿ ತಿದ್ದಿ, ಅರ್ಹತೆಯನ್ನು ತೂಗುವಾಗ ಆ ಪರಿಹಾರವನ್ನು ಲೆಕ್ಕಕ್ಕೆ ಹಿಡಿಯಕೂಡದೆಂದು ಆಜ್ಞೆಯಾಯಿತು. ಯೋಜನೆ ಹುಟ್ಟಿ ಆಗ 32 ವರ್ಷವಾಗಿದ್ದಿತು. ಬಾಡಿಗೆಯ ಪಾಲನ್ನು ಗೊತ್ತುಮಾಡುವಾಗ ಮಾತ್ರ ಆ ಹಣವನ್ನು ಆದಾಯದಲ್ಲಿ ಸೇರಿಸುವ ಪದ್ಧತಿಯನ್ನು ಆ ಆಜ್ಞೆಯೂ ಹಾಗೆಯೇ ಉಳಿಸಿತು.